ನಕಲಿ ಚಾದರ, ನಕಲಿ ಆಟ

ಕಳೆದ ತಿಂಗಳು ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಬಸ್ಸಿನಲ್ಲಿ ಹೊರಟಿದ್ದೆವು. ಪಕ್ಕದಲ್ಲಿ ಪರಿಚಯದ ನೇಕಾರರೊಬ್ಬರು. ಕಿಟಕಿಯ ಬಳಿ ಮೊಬೈಲ್ ಆಟದಲ್ಲಿ ಮುಳುಗಿದ ಅವರ ಮಗ.

"ಫಾದರ್, ಬ್ಯಾರೆ ಊರಾಗ ನೇಯ್ದು ಸೊಲ್ಲಾಪುರ ಚಾದರ ಅಂತ ಚೀಟಿ ಹಚ್ಚಿ ಮಾರ್ತಾರ್ರೀ" ಎಂದು ಅವರು ನೊಂದುಕೊಂಡರು. ಆ ಹೆಸರಿಗೆ ಭೌಗೋಳಿಕ ಗುರುತಿನ ನೋಂದಣಿ ಇದ್ದರೂ ನಕಲು ನಿಂತಿಲ್ಲ.

"ನಿನ್ನ ಆಟಕ್ಕೆಷ್ಟು ರೊಕ್ಕ ಕೊಟ್ಟೆ ತಮ್ಮಾ?" ಎಂದೆವು.

"ರೊಕ್ಕದ್ದ ಐತ್ರೀ, ಗೆಳೆಯ ಪುಕ್ಕಟೆ ಹಾಕಿಕೊಟ್ಟಾನ."

ಉಪದೇಶಕ್ಕೆ ತೆರೆದ ಬಾಯಿಯನ್ನು ಮುಚ್ಚಿಕೊಂಡೆವು. ಪೀಠಬಾಲಕರು ಕೇಳಿದರೆಂದು ನಾವೂ ಅಂಥದೇ ಕದ್ದ ಆಟವನ್ನು ನಮ್ಮ ಮೊಬೈಲಿಗೆ ಇಳಿಸಿಕೊಂಡಿದ್ದೆವು. ಆಮೇಲೆ ಮುಟ್ಟಿದಲ್ಲೆಲ್ಲ ಜಾಹೀರಾತು. ಆಟವನ್ನು ತೆಗೆದುಹಾಕಿದರೂ ಕಾಟ ನಿಲ್ಲಲಿಲ್ಲ. ಕೊನೆಗೆ ಫೋನಿನಲ್ಲಿದ್ದುದನ್ನೆಲ್ಲ ಅಳಿಸಬೇಕಾಯಿತು. ಮಕ್ಕಳ ಪ್ರಥಮ ಪರಮಪ್ರಸಾದದ ಚಿತ್ರಗಳೂ ಹೋದವು.

ಇದನ್ನೇ ಹೇಳಿದೆವು. "ಫಾದರ್, ನೀವೂನಾ?" ಎಂದು ಹುಡುಗ ನಕ್ಕ. ತಂದೆ ನಗಲಿಲ್ಲ. "ಅದನ್ನೂ ಯಾರೋ ನೇಯ್ದಿರ್ತಾರಲ್ರೀ" ಎಂದರು.

ಹೌದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಂದು ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಕದಿಯಬೇಡ ಎಂಬ ಏಳನೆಯ ಆಜ್ಞೆ ಮೊಬೈಲಿಗೂ ಸಲ್ಲುತ್ತದೆ. ಪ್ರಿಯ ಓದುಗರೇ, ಇಂದು ರಾತ್ರಿ ಮಕ್ಕಳೊಂದಿಗೆ ಕುಳಿತು ಫೋನು ನೋಡೋಣ. ಮೊದಲು ನಮ್ಮದು, ಆಮೇಲೆ ಮಕ್ಕಳದು.