ಅಜ್ಜಿಯ ನುಡಿ

2023ರ ಬೇಸಗೆಯಲ್ಲಿ ನಾವು ವೇಲ್ಸ್ ದೇಶದ ರಾಜಧಾನಿಯಾದ ಕಾರ್ಡಿಫ್ ನಗರದಲ್ಲಿ, ಮಗನ ಮನೆಯಲ್ಲಿ ತಂಗಿದ್ದೆವು. ನೆರೆಮನೆಯಲ್ಲಿ ಎಂಬತ್ತು ವರ್ಷದ ವೃದ್ಧರೊಬ್ಬರಿದ್ದರು. ನಾವು ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದವರೆಂದು ತಿಳಿದು, ಒಂದು ಸಂಜೆ ಅವರು ತಮ್ಮ ಬಾಲ್ಯದ ಸ್ಮೃತಿಗಳನ್ನು ಹೇಳತೊಡಗಿದರು.

ಅವರ ತಾಯಿಯ ತವರು ಉತ್ತರ ವೇಲ್ಸಿನ ಬೆಥೆಸ್ಡಾ. ಅಲ್ಲಿನ ಪ್ರಾರ್ಥನಾಮಂದಿರವೊಂದರ ಹೆಸರೇ ಊರಿಗೂ ಬಂದಿತು. 1950ರ ಸುಮಾರಿನಲ್ಲಿ ರಜೆ ಬಂದೊಡನೆ ಅವರು ಅಲ್ಲಿಗೆ ಹೋಗುವರು. ಅಜ್ಜನು ಪೆನ್ರಿನ್ ಗಣಿಯಲ್ಲಿ ಸ್ಲೇಟುಕಲ್ಲನ್ನು ಸೀಳಿ ಸೀಳಿಯೇ ಮುದುಕನಾದವನು. ನಾವು ಬಾಲ್ಯದಲ್ಲಿ ಬಳಪ ಹಿಡಿದು ಬರೆದ ಸ್ಲೇಟಿನಂಥದೇ ಕಲ್ಲು; ಅಲ್ಲಿ ಮನೆಯ ಮಾಡಿಗೆ ಹೊದಿಸುತ್ತಾರೆ. ಅಳತೆಗೆ ತಕ್ಕಂತೆ ಅದಕ್ಕೆ ಕುಲೀನ ಸ್ತ್ರೀಯರ ಬಿರುದುಗಳುಂಟು: 24 ಅಂಗುಲ ಉದ್ದ, 12 ಅಂಗುಲ ಅಗಲದ್ದು ‘ಡಚೆಸ್’, 20 ಅಂಗುಲಕ್ಕೆ 10 ಅಂಗುಲದ್ದು ‘ಕೌಂಟೆಸ್’. ಅಜ್ಜನು ಹಿತ್ತಿಲಲ್ಲಿ ಕುಳಿತು, ಉಳಿಯಿಂದ ಕಲ್ಲನ್ನು ಪುಸ್ತಕದ ಹಾಳೆಗಳಂತೆ ಬಿಡಿಸಿ ತೋರಿಸುವನು. ಅಜ್ಜಿಯು ಒಣದ್ರಾಕ್ಷಿ ಬೆರೆಸಿದ ‘ಬಾರಾ ಬ್ರೀತ್’ ಎಂಬ ರೊಟ್ಟಿಯನ್ನು ಕೊಯ್ದು, ಬೆಣ್ಣೆ ಸವರಿ ಕೊಡುವಳು.

ಆದರೆ ಅಜ್ಜಿಗೆ ವೆಲ್ಷ್ ಅಲ್ಲದೆ ಬೇರೆ ನುಡಿ ಬಾರದು. ಮೊಮ್ಮಗನಿಗೆ ಇಂಗ್ಲಿಷ್ ಅಲ್ಲದೆ ಬೇರೊಂದು ತಿಳಿಯದು. 19ನೆಯ ಶತಮಾನದಲ್ಲಿ ಅಲ್ಲಿನ ಹಲವು ಶಾಲೆಗಳಲ್ಲಿ, ತಾಯ್ನುಡಿಯಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗಹಾಕುತ್ತಿದ್ದರು. ಬಳಿಕ ಯಾರು ವೆಲ್ಷ್ ಆಡುವರೋ ಅವರ ಕೊರಳಿಗೆ ಅದು ಸಾಗುವುದು. ದಿನದ ಕೊನೆಗೆ ಅದು ಯಾರಲ್ಲಿ ಉಳಿಯುವುದೋ ಅವರಿಗೆ ಬೆತ್ತದ ಏಟು. ಆ ಪದ್ಧತಿ ಅಳಿದರೂ ಅದು ಬಿತ್ತಿದ ಕೀಳರಿಮೆ ಅಳಿಯಲಿಲ್ಲ. ಮಗನಿಗೆ ಇಂಗ್ಲಿಷೊಂದೇ ಸಾಕೆಂದು ತಾಯಿಯು ನಿಶ್ಚಯಿಸಿದ್ದಳು.

“ಕೊನೆಯ ಸಲ ಅಜ್ಜಿಯು ನನ್ನ ಕೈ ಹಿಡಿದು ಬಹಳ ಹೊತ್ತು ಮಾತನಾಡಿದಳು. ‘ನೈನ್’, ಎಂದರೆ ಅಜ್ಜಿ, ಎಂಬುದೊಂದೇ ನನಗೆ ಬರುತ್ತಿದ್ದ ಮಾತು. ಅದನ್ನೇ ಹೇಳಿದೆ. ಅವಳು ಏನೆಂದಳೋ ಇಂದಿಗೂ ತಿಳಿಯದು” ಎಂದು ವೃದ್ಧರು ಸುಮ್ಮನಾದರು.

ನಾವು ತಲೆ ತಗ್ಗಿಸಿದೆವು. ಬೆತ್ತವೂ ಮರದ ತುಂಡೂ ಇಲ್ಲದೆಯೇ ನಾವು ಅದೇ ಕಾರ್ಯವನ್ನು ಮಾಡಿದ್ದೆವು. ಊರ ಮಕ್ಕಳಿಗೆಲ್ಲ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಾವು, ಏಳಿಗೆಯ ನೆಪದಿಂದ ಸ್ವಂತ ಮಗನಿಗೆ ಮನೆಯೊಳಗೂ ಇಂಗ್ಲಿಷನ್ನೇ ಆಡಿಸಿದೆವು. ಈಗ ಅವನ ಮಗನು ಶಾಲೆಯಲ್ಲಿ ವೆಲ್ಷ್ ಕಲಿಯುತ್ತಾನೆ. ಅಲ್ಲಿ ಹದಿನಾರು ವರ್ಷದವರೆಗೆ ಅದು ಕಡ್ಡಾಯ. ಅವನಿಗೆ ಬಾರದುದು ಅವನ ಅಜ್ಜಿಯ ಕನ್ನಡ.

ಮರುದಿನವೇ ನಮ್ಮ ಮನೆಯವರು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಅ’ ಬರೆಯಿಸಿದರು. ಊರಿಗೆ ಮರಳಿದ ಮೇಲೂ ಪ್ರತಿ ಭಾನುವಾರ ಅವನು ದೂರವಾಣಿಯಲ್ಲಿ, ತಾನು ಏನು ಉಂಡೆನೆಂಬುದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾನೆ. ಲಿಂಗ, ವಚನ, ವಿಭಕ್ತಿಗಳೆಲ್ಲ ತಪ್ಪುತ್ತವೆ. ನಾವು ತಿದ್ದುವುದಿಲ್ಲ.