ಅಕ್ಕಿ ಡಬ್ಬದೊಳಗಿನ ಔಷಧಿ

ಉರ್ದು ಶಾಲೆಯಲ್ಲಿ ಕಲಿತ ನನಗೆ ನೆಗಡಿಗೆ ಎರಡು ಹೆಸರು ಗೊತ್ತು. ಮೂಗಿನಿಂದ ಸುರಿದರೆ ಜುಕಾಮ್, ಗಂಟಲಿಗೆ ಇಳಿದರೆ ನಜ್ಲಾ ಎನ್ನುತ್ತದೆ ಯುನಾನಿ ವೈದ್ಯ. ಭದ್ರಾವತಿಯಲ್ಲಿರುವ ನನ್ನ ತಂಗಿಯ ಎಂಟು ವರ್ಷದ ಮಗಳಿಗೆ ಎರಡೂ ಇದ್ದವು. ಬೆಳಗಾದರೆ ಸಾಲು ಸಾಲು ಸೀನು, ರಾತ್ರಿ ಬಾಯಿ ತೆರೆದು ನಿದ್ದೆ. ಅಂಗೈಯಿಂದ ಉಜ್ಜಿ ಉಜ್ಜಿ ಮೂಗಿನ ಮೇಲೊಂದು ಅಡ್ಡಗೆರೆ ಮೂಡಿತ್ತು. ನಿದ್ದೆಗೆಟ್ಟು ತರಗತಿಯಲ್ಲಿ ತೂಕಡಿಸುವ ಹುಡುಗಿಗೆ ‘ದಡ್ಡಿ’ ಎಂಬ ಬಿರುದೂ ಸಿಕ್ಕಿತ್ತು.

‘ಕಾರ್ಖಾನೆ ಊರು, ಹೊಗೆ’ ಎಂದು ಮನೆಯವರು ಕಾರಣ ಕೊಡುತ್ತಿದ್ದರು. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಕಳೆದಿವೆ. ಹುಡುಗಿಯ ಸೀನು ಮಾತ್ರ ನಿಂತಿರಲಿಲ್ಲ. ಶಿವಮೊಗ್ಗದ ಮಕ್ಕಳ ವೈದ್ಯರೊಬ್ಬರು ಊರನ್ನು ಬಿಟ್ಟು ಮನೆಯನ್ನು ವಿಚಾರಿಸಿದರು. ಹಳೆಯ ಹತ್ತಿ ಹಾಸಿಗೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ, ಗುರುವಾರ ಸಂಜೆಯ ಲೋಬಾನ. ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿಗಳಿರುತ್ತವೆ, ತೇವದ ಹವೆ ಅವಕ್ಕೆ ಹಿತ. ದೇಹ ಅವನ್ನು ಶತ್ರುವೆಂದು ಬಗೆದು ಕಾದಾಡುವುದೇ ಅಲರ್ಜಿ. ಹೊಗೆ ಅದನ್ನು ಕೆರಳಿಸುತ್ತದೆ. ಇದು ಸೋಂಕಲ್ಲ, ಆದ್ದರಿಂದ ಆಂಟಿಬಯಾಟಿಕ್ ಬೇಕಿಲ್ಲ.

ಚಾದರ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ಮೂಗಿಗೆ ಔಷಧಿ ಅಂಗಡಿಯ ಉಪ್ಪುನೀರು. ದಿನವೂ ಸ್ಟೆರಾಯ್ಡ್ ಸ್ಪ್ರೇ: ತಲೆ ತುಸು ಬಗ್ಗಿಸಿ, ತುದಿಯನ್ನು ಮೂಗಿನ ನಡುಗೋಡೆಗೆ ತಾಗಿಸದೆ ಹೊರಬದಿಗೆ ತಿರುಗಿಸಿ ಹೊಡೆಯಬೇಕು. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ತಕ್ಷಣ ಮೂಗು ಬಿಡಿಸುವ ಹನಿಗಳನ್ನು ದಿನಗಟ್ಟಲೆ ಹಾಕಿದರೆ ಮೂಗು ಮತ್ತಷ್ಟು ಕಟ್ಟುತ್ತದೆ.

ಒಂದು ವಾರದೊಳಗೆ ಸ್ಪ್ರೇ ಕಾಣೆಯಾಯಿತು. ತಂಗಿಯ ಅತ್ತೆ ಅದನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದರು.

“ದಮ್ಮಿನ ಔಷಧಿ ಅಂತ ಜನ ಆಡ್ಕೋತಾರೆ. ಹೆಣ್ಣುಮಗು, ನಾಳೆ ಯಾರು ಕೇಳ್ತಾರೆ ಬೇಟಿ?”

ವೈದ್ಯರು ಹೇಳಿದ ಪ್ರಮಾಣದಲ್ಲಿ ಈ ಔಷಧಿ ರಕ್ತಕ್ಕೆ ಸೇರುವುದು ಅತ್ಯಲ್ಪ, ಮಗುವಿನ ಎತ್ತರವನ್ನು ಆಗಾಗ ಅಳೆದು ನೋಡುತ್ತಾರೆ ಎಂದು ವಿವರಿಸಿದೆ. ದಮ್ಮಿನ ಭಯವಿದ್ದರೆ ಮೂಗನ್ನು ಕಡೆಗಣಿಸಬಾರದು, ಮೂಗಿನ ಅಲರ್ಜಿ ಇರುವ ಮಕ್ಕಳಲ್ಲಿ ಅಸ್ತಮಾ ಹೆಚ್ಚು ಎಂದೂ ಹೇಳಿದೆ. ಬೆಂಗಳೂರಿನ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ ಮಕ್ಕಳನ್ನು ಗಮನಿಸಿ, 1979ರಲ್ಲಿ ಶೇಕಡಾ 9ರಷ್ಟಿದ್ದ ಅಸ್ತಮಾ 1999ಕ್ಕೆ 29.5ಕ್ಕೇರಿದ್ದನ್ನು ದಾಖಲಿಸಿದ್ದಾರೆ. ವುಜೂವಿನಲ್ಲಿ ದಿನವೂ ಮೂಗಿಗೆ ನೀರೇರಿಸುವ ಆ ಹಿರಿಯರು ಉಪ್ಪುನೀರಿಗೆ ಬೇಗ ಒಪ್ಪಿದರು, ಸ್ಪ್ರೇಗೆ ಒಪ್ಪಲಿಲ್ಲ.

ಅವರನ್ನು ಅಜ್ಞಾನಿ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಅವರು ಹೆದರಿದ್ದು ಔಷಧಿಗಲ್ಲ, ನಾಳೆ ಹೆಣ್ಣು ನೋಡಲು ಬರುವ ನಮ್ಮನಿಮ್ಮಂಥವರಿಗೆ. ಗಂಡುಮಗುವಾಗಿದ್ದರೆ ಆ ಸ್ಪ್ರೇ ಅಕ್ಕಿಯೊಳಗೆ ಹೋಗುತ್ತಿತ್ತೇ?

ತಂಗಿ ವಾದಕ್ಕೆ ನಿಲ್ಲಲಿಲ್ಲ. ಅಕ್ಕಿಯಲ್ಲಿ ಕೈಯಾಡಿಸಿ ಸ್ಪ್ರೇ ತೆಗೆದಳು, ಒರೆಸಿದಳು, ಬಂದವರೆಲ್ಲರಿಗೂ ಕಾಣುವಂತೆ ನಡುಮನೆಯ ಕಿಟಕಿಯಲ್ಲಿ ಇಟ್ಟಳು. ಅದು ಈಗಲೂ ಅಲ್ಲೇ ಇದೆ.