ಕೈ ಎಟುಕುವ ಎತ್ತರ

ಮಗುವಿನ ಮೇಲೆ ಬಿಸಿನೀರು ಬಿದ್ದಿದೆ ಅಂತ ಕೇಳಿ ಬಂದವರು ಮೊದಲು ಮಗುವಿನ ಮುಖ ನೋಡುತ್ತಾರೆ, ಆಮೇಲೆ ತಾಯಿಯ ಮುಖ ನೋಡುತ್ತಾರೆ. ‘ನೀನೆಲ್ಲಮ್ಮಾ ಹೋಗಿದ್ದೆ?’ ಅನ್ನುವ ಮಾತು ಹೊಸ್ತಿಲಲ್ಲೇ ಬಂದುಬಿಡುತ್ತದೆ. ಕೇಳಿದವರು ಕೆಟ್ಟವರಲ್ಲ. ಬ್ರೆಡ್ಡು, ಮೋಸಂಬಿ ಹಿಡಿದುಕೊಂಡು ಬಿಸಿಲಲ್ಲಿ ನಡೆದು ಬಂದವರು. ಆದರೂ ನನ್ನ ಹೆಂಡತಿ ಪ್ರತಿಯೊಬ್ಬರಿಗೂ ಮೊದಲಿಂದ ಹೇಳಬೇಕಾಗುತ್ತಿತ್ತು, ಹೇಳುತ್ತ ಹೇಳುತ್ತ ಅವಳ ದನಿ ಕುಗ್ಗುತ್ತಿತ್ತು. ನನ್ನನ್ನು ಒಬ್ಬರೂ ಕೇಳಲಿಲ್ಲ. ನಾನು ರೈಲಿನಲ್ಲಿದ್ದೆ ಅಂತ ಎಲ್ಲರಿಗೂ ಗೊತ್ತಿತ್ತು, ಅಪ್ಪನಾದವನಿಗೆ ಅಷ್ಟು ಸಾಕಾಗಿತ್ತು.

ಆಂಡರ್ಸನ್‌ಪೇಟೆಯಲ್ಲಿ ದುಡಿಯುವವರ ಬೆಳಗು ಶುರುವಾಗುವುದೇ ರೈಲಿನಲ್ಲಿ. 2001ರ ಫೆಬ್ರವರಿ 28ಕ್ಕೆ ಕೋಲಾರದ ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಮಾರಿಕುಪ್ಪಂನಲ್ಲಿ ಹೊರಡುವ ಗಾಡಿಗೆ ಕತ್ತಲಲ್ಲೇ ಹತ್ತಿ, ಊರಿಗಾಂ, ಕೋರಮಂಡಲ್ ದಾಟಿ, ಬಂಗಾರಪೇಟೆಯ ಮೇಲೆ ಬೆಂಗಳೂರು ಸೇರಿ, ರಾತ್ರಿ ಊಟದ ಹೊತ್ತಿಗೆ ತಿರುಗಿ ಬರುವ ಬದುಕು. ಗಣಿಯ ಕಾಲದಲ್ಲಿ ಪಾಳಿ ಮುಗಿಸಿದ ಅಪ್ಪನೋ ಚಿಕ್ಕಪ್ಪನೋ ಹಗಲಿನಲ್ಲೂ ಮನೆಯಲ್ಲಿರುತ್ತಿದ್ದರು, ಮಗು ಒಬ್ಬರಲ್ಲದಿದ್ದರೆ ಇನ್ನೊಬ್ಬರ ಮಡಿಲಲ್ಲಿರುತ್ತಿತ್ತು. ಈಗ ಬೆಳಗ್ಗೆ ಏಳಕ್ಕೆ ಮನೆಯಲ್ಲಿ ಉಳಿಯುವುದು ತಾಯಿ, ಒಲೆ, ಮಗು. ಗಾಡಿ ಟೇಕಲ್ ಬಿಡುವಾಗ ನನಗೆ ಫೋನ್ ಬಂತು. ಮಾತು ಕೇಳಿಸಲಿಲ್ಲ, ಹಿಂದಿನಿಂದ ಮಗುವಿನ ಅಳು ಮಾತ್ರ ಕೇಳಿಸಿತು.

ನಡೆದದ್ದು ಇಷ್ಟೇ. ನಮ್ಮದು ಒಂದೂವರೆ ಕೋಣೆಯ ಮನೆ. ನೆಲದ ಮೇಲೆ ಗ್ಯಾಸ್ ಒಲೆ, ಎದುರು ಮೂಲೆಯಲ್ಲಿ ಬಚ್ಚಲು. ಸ್ನಾನದ ನೀರು ಕಾಯಿಸಿದ ಪಾತ್ರೆಯನ್ನು ದಿನವೂ ಆ ನಾಲ್ಕು ಹೆಜ್ಜೆ ದಾಟಿಸಲೇಬೇಕು. ಆ ದಿನ ಅದೇ ನಾಲ್ಕು ಹೆಜ್ಜೆಯಲ್ಲಿ ಮಗ ಓಡಿ ಬಂದು ಅಮ್ಮನ ಕಾಲು ತಬ್ಬಿದ. ತಾಯಿ ಎಲ್ಲಿದ್ದಳು ಅಂದರೆ ಅಲ್ಲೇ ಇದ್ದಳು, ಮಗುವಿಗೆ ತೀರ ಹತ್ತಿರದಲ್ಲೇ ಇದ್ದಳು. ಕೇಳಬೇಕಾದದ್ದು ಒಲೆ ಎಲ್ಲಿತ್ತು, ಪಾತ್ರೆ ಎಲ್ಲಿಂದ ಎಲ್ಲಿಗೆ ಹೋಗಬೇಕಿತ್ತು ಅಂತ.

ನಮ್ಮಪ್ಪ ಗಣಿಯ ಚಾಂಪಿಯನ್ ರೀಫ್‌ನಲ್ಲಿ ಇಳಿಯುತ್ತಿದ್ದವರು. ಮೂರು ಕಿಲೋಮೀಟರಿಗೂ ಕೆಳಗೆ ಬಂಡೆಯೇ 60 ಡಿಗ್ರಿ ದಾಟಿ ಕಾದಿರುತ್ತಿತ್ತು, ಮುಟ್ಟಿದರೆ ಕೈ ತಾನೇ ಹಿಂದಕ್ಕೆ ಬರುತ್ತಿತ್ತು ಅನ್ನುತ್ತಿದ್ದರು. ಅಲ್ಲಿ ಕೆಲಸ ನಡೆಯಲಿ ಅಂತ ಕಂಪನಿ ಯಂತ್ರದಿಂದ ಗಾಳಿ ತಣ್ಣಗೆ ಮಾಡಿ ಕೆಳಗೆ ಬಿಡುತ್ತಿತ್ತು. ಅದೇ 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಐದಾರು ಸೆಕೆಂಡಿನಲ್ಲಿ ಆಳಕ್ಕೆ ಸುಡುತ್ತದೆ. ಮಕ್ಕಳದು ತೆಳು ಚರ್ಮ, ಅಷ್ಟು ಹೊತ್ತೂ ಬೇಡ. ಒಲೆಯಿಂದ ಆಗತಾನೆ ಇಳಿದ ನೀರಿನ ಬಿಸಿ ಇದಕ್ಕಿಂತ ಎಷ್ಟೋ ಹೆಚ್ಚು.

ಸುಟ್ಟ ಕೂಡಲೇ ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿಯಬೇಕು ಅಂತ ವೈದ್ಯರು ಹೇಳುತ್ತಾರೆ. ಐಸ್ ಬೇಡ, ಬರೀ ನೀರು. ಹಿಡಿಯುವುದು ತಡವಾದರೂ ಮೂರು ಗಂಟೆಯೊಳಗಾದರೆ ಪ್ರಯೋಜನ ಉಂಟು. ಆದರೆ ನಮ್ಮೂರಿನಲ್ಲಿ ಇಪ್ಪತ್ತು ನಿಮಿಷ ಹರಿಯುವ ನೀರು ಎಲ್ಲಿಂದ ತರುವುದು? ಗಣಿಯವರು ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ಇಡೀ ಊರಿಗೆ ನೀರು ತಂದಿದ್ದರು. ಈಗ ನಲ್ಲಿ ಬರುವ ದಿನ ಅಂದರೆ ಬೀದಿಯೆಲ್ಲ ಬಿಂದಿಗೆಯ ಸಾಲು, ಮಿಕ್ಕ ದಿನ ಡ್ರಮ್ಮೇ ಗತಿ. ನಮ್ಮ ಡ್ರಮ್ಮು ಅಂದು ಅರ್ಧ ಖಾಲಿ. ಹೆಂಡತಿ ಮಗುವಿನ ಅಂಗಿ ಬಿಚ್ಚಿ ತೋಳಿನ ಮೇಲೆ ಚೊಂಬು ಚೊಂಬು ಸುರಿಯುತ್ತಿದ್ದಳು. ಅಳು ಕೇಳಿ ಓಡಿ ಬಂದ ಪಕ್ಕದ ತಮಿಳು ಪಾಟಿ ಏನೂ ಕೇಳದೆ ತನ್ನ ಮನೆಗೆ ತಿರುಗಿ, ಕುಡಿಯಲು ತುಂಬಿಟ್ಟ ಎರಡು ಕೊಡ ತಂದು ಇಟ್ಟಳು. ಎದುರು ಮನೆಯ ತೆಲುಗಮ್ಮ ಇನ್ನೊಂದು ತಂದಳು. ನೀರು ಬಂದು ದಿನಗಳಾಗಿದ್ದವು, ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ. ಆ ಮೂರು ಕೊಡದ ಬೆಲೆ ಈ ಊರಿನವರಿಗೇ ಗೊತ್ತು. ಮಗುವಿನ ಮಿಕ್ಕ ಮೈ ನಡುಗದ ಹಾಗೆ ಪಾಟಿ ತನ್ನ ಸೀರೆಯನ್ನೇ ಸುತ್ತಿ ಕೂತಿದ್ದಳಂತೆ.

ಆಸ್ಪತ್ರೆಯಲ್ಲಿ ವೈದ್ಯರು ಮಗನ ಇನ್ನೊಂದು ಕೈ ಎತ್ತಿ ಅಂಗೈಯನ್ನು ನೋಡಿದರು. ಬೆರಳು ಸೇರಿ ಆ ಅಂಗೈಯಷ್ಟು ಜಾಗ ಅಂದರೆ ಅವನ ಮೈಯಲ್ಲಿ ನೂರಕ್ಕೆ ಒಂದು ಪಾಲು. ತೋಳು, ಎದೆಯ ಪಕ್ಕ ಸೇರಿ ಅಂಥ ಅಂಗೈಗಳು ಎಷ್ಟು ಅಂತ ಕಣ್ಣಲ್ಲೇ ಎಣಿಸಿದರು. ಮಕ್ಕಳಲ್ಲಿ ಅದು ಹತ್ತು ದಾಟಿದರೆ ರಕ್ತನಾಳದಲ್ಲಿ ದ್ರವ ಕೊಡಲೇಬೇಕು. ನಮ್ಮದು ಹತ್ತು ಮುಟ್ಟಲಿಲ್ಲ. ದೊಡ್ಡ ಸುಟ್ಟಗಾಯವಾದರೆ ಇಲ್ಲಿಂದ ಕೋಲಾರ, ಅದೂ ಮೀರಿದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ವಾರ್ಡು. ನೂರು ಕಿಲೋಮೀಟರ್ ದಾರಿ.

ಮನೆಗೆ ಬಂದ ಮೇಲೆ ಔಷಧ ಹೇಳುವವರು ಬಂದರು. ಇಂಕು, ಟೂತ್‌ಪೇಸ್ಟು, ದೋಸೆ ಹಿಟ್ಟು, ಕೋಳಿಮೊಟ್ಟೆ. ಯಾವುದನ್ನೂ ಹಚ್ಚಲಿಲ್ಲ. ಹಚ್ಚಿದರೆ ಗಾಯಕ್ಕೆ ನಂಜೇರುತ್ತದೆ, ಒಳಗಿನ ಬಣ್ಣ ವೈದ್ಯರಿಗೆ ಕಾಣದೆ ಹೋಗುತ್ತದೆ. ಹಾಗಂತ ಅಡುಗೆಮನೆಯನ್ನು ತಳ್ಳಿಹಾಕುವವನೂ ನಾನಲ್ಲ. ಮುಂಬೈಯ ವಾಡಿಯಾ ಮಕ್ಕಳ ಆಸ್ಪತ್ರೆಯಲ್ಲಿ ಡಾ. ಕೇಸ್ವಾನಿ ಎನ್ನುವವರು ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನು ಬಟ್ಟೆಯ ಮೇಲೆ ಅಂಟಿಸಿ, ಶುದ್ಧಿ ಮಾಡಿ, ಸುಟ್ಟಗಾಯಕ್ಕೆ ಕಟ್ಟಿದರು. 1985ರಲ್ಲಿ ಅದನ್ನು ವೈದ್ಯಪತ್ರಿಕೆಯಲ್ಲಿ ಬರೆದರು. ಬಾಳೆ ಎಲೆಯನ್ನೂ ಹೀಗೆ ಬಳಸಿದವರಿದ್ದಾರೆ. ಗಾಯಕ್ಕೆ ಅಂಟುವುದಿಲ್ಲ, ಬಿಚ್ಚುವಾಗ ಮಗುವಿಗೆ ನೋವಾಗುವುದಿಲ್ಲ, ಬಡವರ ಕೈಗೂ ಸಿಗುತ್ತದೆ. ಬಿಚ್ಚುವಾಗ ಅಂಟುವ ಪಟ್ಟಿಯ ನೋವು ನೋಡಿದವನಿಗೆ ಆ ವೈದ್ಯರ ಮೇಲೆ ಎಂಥ ಗೌರವ ಹುಟ್ಟುತ್ತದೆ!

ಡ್ರೆಸ್ಸಿಂಗಿನ ದಿನಗಳೇ ಕಷ್ಟದವು. ಗಾಜ್ ಪಟ್ಟಿಯನ್ನು ಸಲೈನಿನಲ್ಲಿ ನೆನೆಸಿ ನೆನೆಸಿ ನರ್ಸಮ್ಮ ಒಂದೊಂದೇ ಎಳೆ ಬಿಡಿಸುತ್ತಿದ್ದರು. ಮಗನಿಗೆ ಬರುತ್ತಿದ್ದ ಒಂದೇ ಉಪಾಯ, ತೋಳು ಚಾಚಿ ‘ಉಫ್ ಮಾಡು’ ಅನ್ನುವುದು. ಗಾಯದ ಮೇಲೆ ಊದಬಾರದು, ಬಾಯಿಯ ಸೋಂಕು ತಗಲುತ್ತದೆ. ಊದದಿದ್ದರೆ ಅವನು ಬಿಡ. ಕೊನೆಗೆ ಅವನಮ್ಮ ಒಳ್ಳೆಯ ಕೈಯನ್ನು ಹಿಡಿದು ಊದುವುದಕ್ಕೆ ಶುರುಮಾಡಿದಳು. ಅವನು ಸುಟ್ಟ ಕೈಯನ್ನು ಅಲುಗಿಸದೆ, ಒಳ್ಳೆಯ ಕೈಯನ್ನೇ ನೋಡುತ್ತ ಕೂತ.

ಗಾಯ ಮಾಗಿದ ಮೇಲೆ ನವೆ. ರಾತ್ರಿಯೆಲ್ಲ ಕೆರೆದು ಎದ್ದು ಕೂರುತ್ತಿದ್ದ. ಮೊಣಕೈ ಮಡಿಕೆಯ ಕಲೆ ಬಿಗಿದು ತೋಳು ನೇರವಾಗದೆ ಉಳಿದೀತು ಅಂತ ದಿನವೂ ಎಣ್ಣೆ ತಿಕ್ಕಿ ನೀವಿ ಚಾಚಿಸಬೇಕು. ಕೆಂಪು ಇಳಿದು ಕಲೆ ಮೆದುವಾಗಲು ವರ್ಷವೋ ಒಂದೂವರೆ ವರ್ಷವೋ ಬೇಕು, ಅಲ್ಲಿಯವರೆಗೆ ಬಿಸಿಲು ತಾಗಿಸುವಂತಿಲ್ಲ. ಇದೂ ತಾಯಿಯ ಪಾಲಿಗೇ ಬಂತು. ಭಾನುವಾರದ ನೀವುವ ಕೆಲಸ ನನ್ನದು.

ನಮ್ಮ ಮನೆಯಲ್ಲೀಗ ಕಡಪ ಕಲ್ಲಿನ ಕಟ್ಟೆ ಬಂದಿದೆ, ಒಲೆ ಅದರ ಮೇಲೆ ಗೋಡೆಗೆ ಒತ್ತಿ ಕೂತಿದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಹಿಂದಿನ ಬೀದಿಯಲ್ಲಿ ಅಂಬೆಗಾಲಿಡುವ ಮಗುವಿರುವ ಮನೆಯೊಂದರಲ್ಲಿ ಒಲೆ ಇನ್ನೂ ನೆಲದ ಮೇಲಿತ್ತು. ಹೋದ ತಿಂಗಳು ಮೇಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಅವನು ಟೇಪು ಹಿಡಿದು ಮಗುವಿನ ಎತ್ತರ ಕೇಳಿದ. ನನ್ನ ಹೆಂಡತಿ ಎತ್ತರ ಬೇಡ ಅಂದಳು. ಮಗುವಿನ ಅಕ್ಕನನ್ನು ಗೋಡೆಗೆ ನಿಲ್ಲಿಸಿ, ತುದಿಗಾಲಲ್ಲಿ ಕೈ ಮೇಲೆತ್ತಿಸಿ, ಬೆರಳು ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ ಎಳೆದಳು. ಮೇಸ್ತ್ರಿ ಕಟ್ಟೆಗೆ ಅಂದುಕೊಂಡಿದ್ದ ಮಟ್ಟಕ್ಕಿಂತ ಅದು ಒಂದು ಗೇಣು ಮೇಲಿತ್ತು. ಅಷ್ಟು ಎತ್ತರ ಕಟ್ಟಿದರೆ ಅಡುಗೆ ಮಾಡುವವರ ಭುಜ ನೋಯುತ್ತದೆ ಅಂತ ಅವನೆಂದ. ಹಾಗಾದರೆ ಕಟ್ಟೆಯನ್ನು ಒಳಕ್ಕೆ ಅಗಲ ಮಾಡು, ಒಲೆ ಹಿಂದಕ್ಕೆ ಹೋಗಲಿ, ಪಾತ್ರೆಯ ಹಿಡಿ ಗೋಡೆಯ ಕಡೆ ತಿರುಗಲಿ ಅಂದಳು. ಹಾಗೇ ಕಟ್ಟಿದ್ದಾನೆ.